ಡ್ರಮ್ಮು ನಿಲ್ಲುವ ಹೊತ್ತು

ಸಾಂಗ್ಲಿ
೧೧ ಆಗಸ್ಟ್ ೨೦೨೫, ಸೋಮವಾರ

ದಾದಾಸಾಹೇಬ ಅಣ್ಣಾ ಅವರಿಗೆ,

ನಾಲ್ಕನೇ ಇಯತ್ತೆಗೆ ಸಾಲೆ ಬಿಟ್ಟವನ ಕೈಗೆ ಪೆನ್ನು ಕೊಟ್ಟು ಕೂರಿಸಿದ್ದೀರಿ. ಇದು ಯಾವ ನ್ಯಾಯ? ಚೀಲ ಹೊರು ಅನ್ನಿ, ಹೊರುತ್ತೇನೆ. ಬರೆ ಅಂದರೆ ಮೈಯೆಲ್ಲ ಉರಿಯುತ್ತದೆ. ಈ ಕಾಗದ ನಾನು ಖುಷಿಯಿಂದ ಬರೆದದ್ದಲ್ಲ, ಮೊದಲೇ ಹೇಳಿದ್ದೇನೆ.

ನೀವು ಚಾತುರ್ಮಾಸದ ನೇಮ ಹಿಡಿದದ್ದು ಒಳ್ಳೆಯದೇ. ದೀಪಾವಳಿಯ ತನಕ ಆರಗದ ಸೀಮೆ ದಾಟುವುದಿಲ್ಲ, ಫೋನು ಮುಟ್ಟುವುದಿಲ್ಲ, ವ್ಯಾಪಾರದ ಮಾತು ಆಡುವುದೂ ಇಲ್ಲ, ಕೇಳುವುದೂ ಇಲ್ಲ. ಆದರೆ ಸಾಂಗ್ಲಿಯಲ್ಲಿ ಅರಿಶಿನದ ಕೊಂಬನ್ನು ಡ್ರಮ್ಮಿನಲ್ಲಿ ಉರುಳಿಸಿ ಪಾಲಿಶ್ ಮಾಡುವ ನಿಮ್ಮ ಶೆಡ್ಡು ನೇಮ ಹಿಡಿದಿಲ್ಲವಲ್ಲ. ಹೋದ ವಾರ ಬಸ್ಸು ಹತ್ತಿ ನಿಮ್ಮ ಮನೆಗೆ ಬಂದೆ. ನಾನು ಬಾಯಿ ತೆಗೆದ ಕೂಡಲೇ ನೀವು ಕಿವಿ ಮುಚ್ಚಿಕೊಂಡಿರಿ. ನಿಮ್ಮ ಮನೆಯವರು, ಇಂದುಬಾಯಿ ವೈನಿ, ಮಜ್ಜಿಗೆ ಕೊಟ್ಟು, "ಮಾತಾಡಬಾರದು ಅಂತ ನೇಮ ಐತಿ, ಓದಬಾರದು ಅಂತ ಇಲ್ಲ. ಬರದು ಕಳಸ್ರಿ" ಅಂದರು. ನೀವು ನಕ್ಕಿರಿ. ನೇಮದಲ್ಲಿ ಕಿಂಡಿ ಬಿಟ್ಟವರು ನೀವು, ಅದರಲ್ಲಿ ತೂರಬೇಕಾದವನು ನಾನು.

ವಿಷಯಕ್ಕೆ ಬರುತ್ತೇನೆ. ಶೆಡ್ಡನ್ನು ನಿಮ್ಮ ಮೊಮ್ಮಗ ಶ್ರೇಯಸನ ಕೈಗೆ ಕೊಟ್ಟು ಹೋಗಿದ್ದೀರಿ. ಅವನು ದಸರೆಯೊಳಗೆ ಕೊಡುತ್ತೇನೆಂದು ದೊಡ್ಡ ಆರ್ಡರು ಹಿಡಿದ. ಚೀಲಕ್ಕೆ ಇಷ್ಟು ಅಂತ ನಮಗೆ ಕೊಡುವ ಕೂಲಿಯ ದರ ಏರಿಸಿ, "ಇನ್ ಮ್ಯಾಲ ಡ್ರಮ್ಮು ಏಳರ ತನಕ ತಿರಗಬೇಕು" ಅಂದ. ನಾನು ಎಂದಿನಂತೆ ನಾಲ್ಕಕ್ಕೆ ಎದ್ದೆ. ಮುಕಾದಮನೇ ಎದ್ದ ಮೇಲೆ ನನ್ನ ಗ್ಯಾಂಗಿನ ಆಳುಗಳೂ ಎದ್ದರು. ಅವನು ಓಡಿ ಬಂದ.

"ದರ ಏರಿಸೇನಿ ಅಲ್ರಿ ಕಾಕಾ? ಮತ್ತ ಯಾಕ ಎದ್ರಿ?"

"ಏರಿಸಿದ್ದಕ್ಕ ಎದ್ದೇನಿ."

ಅವನಿಗೆ ತಿಳಿಯಲಿಲ್ಲ. ನಿಮಗಾದರೂ ತಿಳಿಯಲಿ. ಮೊದಲು ಮನೆ ನಡೆಯುವಷ್ಟು ಗಳಿಸಲು ನಾಲ್ಕು ಹೊಡೆಯುತ್ತಿತ್ತು. ಹೊಸ ದರದಲ್ಲಿ ಮೂರಕ್ಕೇ ಆಗುತ್ತದೆ. ಆದರೂ ಮರ್ಯಾದೆಗೆ ನಾಲ್ಕರ ತನಕ ದುಡಿದೆ. ಇದಕ್ಕೆ ಅವನು ಮೈಗಳ್ಳತನ ಅಂದ. ಮರಾಠಿಯಲ್ಲಿ ಏನೇನೋ ಬೈದ. ಮರಾಠಿಯಲ್ಲಿ ಬೈದರೆ ನನಗೆ ತಾಗುವುದಿಲ್ಲ, ಕನ್ನಡದಲ್ಲಿ ಬೈಯಲು ಅವನಿಗೆ ಬರುವುದಿಲ್ಲ. ಕೊನೆಗೆ, ಗಣಪತಿ ಹಬ್ಬ ಆದ ಮೇಲೆ ಬೇಡಗದಿಂದ ಬೇರೆ ಗ್ಯಾಂಗು ತರುತ್ತೇನೆ ಅಂದ. ಅದು ತಾಗಿತು.

ನಮ್ಮ ಹುಡುಗ ಗುರುಬಸಪ್ಪ ಒಬ್ಬ ಅವನ ಮಾತಿಗೆ ಬಿದ್ದಿದ್ದಾನೆ. ಇನ್ನೊಬ್ಬನನ್ನು ಕಟ್ಟಿಕೊಂಡು ಏಳರ ತನಕ ಒಂದು ಡ್ರಮ್ಮು ತಿರುಗಿಸುತ್ತಾನೆ. ಕೇಳಿದರೆ, "ನಿಮಗ ಹೊಳಿ ಘಾಟ ಬೇಕು ಮುಕಾದಮರ, ನನಗ ಮೋಟರ್‌ಸೈಕಲ್ ಬೇಕು" ಅನ್ನುತ್ತಾನೆ.

ನಾಲ್ಕಕ್ಕೆ ಡ್ರಮ್ಮು ನಿಲ್ಲಬೇಕೋ ಬೇಡವೋ, ನಿಮ್ಮ ಒಂದು ಮಾತು ಬೇಕು. ಬಾಯಲ್ಲಿ ಬೇಡ, ಬರೆದು ಕಳಿಸಿ.

ಸಿಟ್ಟಿನಲ್ಲಿರುವ
ಹುಲಿಗೆಪ್ಪ, ಮುಕಾದಮ


ಆರಗ
೧೮ ಆಗಸ್ಟ್ ೨೦೨೫

ಹುಲಿಗೆಪ್ಪನಿಗೆ ಜಯ ಜಿನೇಂದ್ರ.

ನಿನ್ನ ಕಾಗದ ಓದಿದೆ. ಅಕ್ಷರ ಚೆನ್ನಾಗಿವೆ, ಮಾತು ಚೆನ್ನಾಗಿಲ್ಲ.

ನಾಲ್ಕು ತಿಂಗಳಿಗೆಂದು ಶ್ರೇಯಸನಿಗೆ ಗಾದಿ ಬಿಟ್ಟುಕೊಟ್ಟಿದ್ದೇನೆ. ಇಲ್ಲಿ ಕುಳಿತು ಅವನ ಕೈ ಹಿಡಿಯುವುದು ಸರಿಯಲ್ಲ. ದರ ಏರಿದರೆ ಆಳು ಹೆಚ್ಚು ದುಡಿಯುತ್ತಾನೆ ಎಂದು ಅವನು ತಿಳಿದದ್ದರಲ್ಲಿ ತಪ್ಪೇನು? ನಾನಾಗಿದ್ದರೂ ಹಾಗೇ ತಿಳಿಯುತ್ತಿದ್ದೆ. ನೀನು ಇಷ್ಟು ವರ್ಷ ನಾಲ್ಕಕ್ಕೆ ಎದ್ದು ಹೋಗಿದ್ದೀ. ನಾನು ತಡೆದವನಲ್ಲ, ಕೇಳಿದವನೂ ಅಲ್ಲ. ಈಗ ಕೇಳುತ್ತೇನೆ. ನಾಲ್ಕರ ಮೇಲೆ ನೀನು ಏನು ಮಾಡುತ್ತೀ?

ಇನ್ನೊಂದು ಸಂಗತಿ. ನಿನ್ನೆ ಒಬ್ಬಳು ಹೆಣ್ಣುಮಗಳು ಬಸ್ಸಿಳಿದು ನಮ್ಮ ಮನೆ ಹುಡುಕಿಕೊಂಡು ಬಂದಳು. ಶೆಡ್ಡಿನ ಹಿಂದಿನ ಓಣಿಯಲ್ಲಿ ಬಟ್ಟೆ ಒಗೆಯುವವಳಂತೆ, ಕಾಂಚನ ಎಂದು ಹೆಸರು. ಶ್ರೇಯಸ ಮಾತು ಕೇಳಿಸಿಕೊಳ್ಳಲಿಲ್ಲ ಎಂದಳು. ನನ್ನ ನೇಮದ ವಿಷಯ ಇಂದುಬಾಯಿ ಹೇಳಿದ ಮೇಲೆ ಅವಳು ಒಂದೂ ಮಾತಾಡಲಿಲ್ಲ. ಚೀಲದಿಂದ ಒಂದು ಬಿಳಿ ಚಾದರ ತೆಗೆದು ನನ್ನ ಮಂಚದ ಮೇಲೆ ಹರವಿ, ಕೈ ಮುಗಿದು ಹೋದಳು. ಚಾದರದ ತುಂಬ ಕೆಂಪು ಚುಕ್ಕಿ. ರಕ್ತ ಸಿಡಿದ ಹಾಗೆ. ನಾನು ಅದನ್ನು ತೆಗೆಸಿಲ್ಲ, ಅದರ ಮೇಲೆ ಮಲಗಿಯೂ ಇಲ್ಲ. ನೆಲದ ಮೇಲೆ ಮಲಗಿದೆ.

ನೀನು ಹೋಗಿ ನೋಡಿ ಬಾ.

ದಾದಾಸಾಹೇಬ


ಸಾಂಗ್ಲಿ
೨೫ ಆಗಸ್ಟ್ ೨೦೨೫

ಅಣ್ಣಾ ಅವರಿಗೆ,

ನಾಲ್ಕರ ಮೇಲೆ ಏನು ಮಾಡುತ್ತೇನೆ ಅಂತ ಕೇಳಿದ್ದೀರಿ. ಕೃಷ್ಣೆಯ ಘಾಟಿಗೆ ಹೋಗುತ್ತೇನೆ. ಮೈಗೆ ಹತ್ತಿದ ಅರಿಶಿನ ತಿಕ್ಕಿ ತಿಕ್ಕಿ ತೊಳೆಯುತ್ತೇನೆ. ಆಮೇಲೆ ಮೆಟ್ಟಿಲ ಮೇಲೆ ಸುಮ್ಮನೆ ಕೂರುತ್ತೇನೆ. ಮನೆಗೆ ಬಂದು ಹೌಸಾಬಾಯಿಯ ಜೊತೆ ಚಹಾ ಕುಡಿಯುತ್ತೇನೆ. ಬೆಳಕಿರುವಾಗ ಹೆಂಡತಿಯ ಮುಖ ನೋಡುತ್ತೇನೆ. ಸಾಕೋ, ಇನ್ನೂ ಬರೆಯಲೋ? ನೀವು ಸೂರ್ಯ ಮುಳುಗುವ ಮುಂಚೆ ಉಣ್ಣಬೇಕೆಂದು ಗಾದಿ ಬಿಟ್ಟು ಏಳುತ್ತೀರಿ. ಗಿರಾಕಿ ಎದುರಿಗೆ ಕೂತಿದ್ದರೂ ಏಳುತ್ತೀರಿ. ಅದನ್ನು ಯಾರೂ ಮೈಗಳ್ಳತನ ಅನ್ನಲಿಲ್ಲ. ನಾನು ಎದ್ದರೆ ಮೈಗಳ್ಳತನ.

ಇರಲಿ. ನೀವು ಹೇಳಿದಿರೆಂದು ಹಿಂದಿನ ಓಣಿಗೆ ಹೋದೆ. ಈ ಕಾಂಚನ ಜತ್ತದ ಕಡೆಯವಳು. ಮಿರಜದ ಒಂದು ಆಸ್ಪತ್ರೆಯ ಚಾದರ ಒಗೆದು ಕೊಡುವ ಕೆಲಸ ಹಿಡಿದಿದ್ದಾಳೆ. ಗಂಡನಿಲ್ಲ. ಅವಳ ಮನೆ ನಡೆಯುವುದು ಆ ಚಾದರಗಳ ಮೇಲೆಯೇ. ಹೋದವನೇ ನಾನು ದನಿ ಏರಿಸಿದೆ.

"ನಮ್ಮ ಮಾಲಕರ ಮಂಚಕ್ಕ ಕೆಂಪು ಚಾದರ ಹಾಸಿ ಬಂದೀಯಂತ. ಏನು ಮಾಟಾ ಮಾಡಾಕ ಹೋಗಿದ್ದೇನು?"

"ಮಾಟಾ ನಿಮ್ದು ಐತ್ರಿ ಕಾಕಾ. ನನ್ನ ಅರಿವಿ ಮ್ಯಾಲ ದಿನಾ ಉದರತೈತಿ."

"ಅರಿಶಿನ ಬಿದ್ರ ಮಂಗಳ ಆಗ್ತೈತಿ, ತಿಳೀತೇನು?"

ಅವಳು ಬಕೆಟ್ಟಿನ ಒಗೆಯುವ ಸೋಡಾ ನೀರಿನಲ್ಲಿ ಕೈ ಅದ್ದಿ ನನ್ನ ಧೋತರದ ಮೇಲೆ ಚಿಮುಕಿಸಿದಳು. ಅರಿಶಿನ ಮೆತ್ತಿದ ಧೋತರ, ಬಿದ್ದ ಕಡೆಯೆಲ್ಲ ರಕ್ತದಂತೆ ಕೆಂಪಾಯಿತು. "ಮಂಗಳ ಹೆಂಗ ಕಾಣತೈತಿ ನೋಡ್ರಿ" ಅಂದಳು. ಓಣಿಯ ಹೆಂಗಸರೆಲ್ಲ ನಕ್ಕರು. ನನಗೆ ಬಂದ ಸಿಟ್ಟು ಹೇಳತೀರದು, ಆದರೆ ಯಾರ ಮೇಲೆ ಅಂತ ತಿಳಿಯಲಿಲ್ಲ.

ಸಂಗತಿ ಇಷ್ಟು. ನಮ್ಮ ಡ್ರಮ್ಮಿನಲ್ಲಿ ಅರಿಶಿನದ ಕೊಂಬು ಉರುಳಿ ಉಜ್ಜಿ ಹೊಳಪು ಬರುತ್ತದಲ್ಲ, ಆಗ ಏಳುವ ಧೂಳು ತಗಡಿನ ಸಂದಿಯಿಂದ ಹೊರಗೆ ಹೋಗುತ್ತದೆ. ಹೋಯಿತು ಅಂದರೆ ನಮಗೆ ಮುಗಿಯಿತು. ಅದು ಎಲ್ಲಿ ಹೋಗಿ ಕೂರುತ್ತದೆ ಅಂತ ನಾನೂ ನೋಡಿರಲಿಲ್ಲ, ನೀವೂ ನೋಡಿರಲಿಲ್ಲ. ಅವಳ ಹಸಿ ಚಾದರದ ಮೇಲೆ ಕೂರುತ್ತದೆ. ಸೋಡಾ ಉಳಿದಲ್ಲಿ ಕೆಂಪಾಗುತ್ತದೆ. ಆಸ್ಪತ್ರೆಯಲ್ಲಿ ಒಬ್ಬ ಮುದುಕಿ, ಯಾರದ್ದೋ ರಕ್ತ ಮೆತ್ತಿದ ಹಾಸಿಗೆ ಅಂತ ಮಲಗಲು ಒಲ್ಲೆ ಅಂದಳಂತೆ. ದಸರೆಯ ತನಕ ನೋಡುತ್ತೇವೆ, ಆಮೇಲೂ ಚುಕ್ಕಿ ಕಂಡರೆ ಕೆಲಸ ಬೇರೆಯವರಿಗೆ ಅಂದಿದ್ದಾರೆ.

"ಇಷ್ಟು ವರ್ಷ ಹೆಂಗ ಮಾಡಿದಿ?" ಅಂದೆ.

"ನಿಮ್ಮನ್ನ ನೋಡಿ ಮಾಡಿದ್ನಿ. ನೀವು ನಾಲ್ಕಕ್ಕ ಧೋತರ ಝಾಡಿಸ್ಕೋತ ಹೊರಗ ಬರ್ತೀರಲ್ಲ, ಆಗ ನಾ ಹಗ್ಗ ಕಟ್ಟತೇನಿ. ಹೊತ್ತು ಮುಳುಗೂದ್ರಾಗ ಒಣಗಸ್ತೇನಿ. ಈಗ ಏಳರ ತನಕ ಡ್ರಮ್ಮು ಗುಡಗತೈತಿ. ನಾ ಯಾವಾಗ ಹಾಕ್ಲಿ?"

ಅಣ್ಣಾ, ನಾನು ಘಾಟಿನ ಮೇಲೆ ಸುಮ್ಮನೆ ಕೂತ ಹೊತ್ತಿನಲ್ಲಿ ಒಬ್ಬಳ ಅನ್ನದ ಚಾದರ ಒಣಗುತ್ತಿತ್ತು. ಅದು ನನಗೆ ಗೊತ್ತಿರಲಿಲ್ಲ. ಗುರುಬಸಪ್ಪನ ಮೋಟರ್‌ಸೈಕಲ್ಲು ಓಡುತ್ತಿರುವುದು ಅವಳ ಹಗ್ಗದ ಮೇಲೆ. ಅದು ಅವನಿಗೆ ಗೊತ್ತಿಲ್ಲ.

ಈಗ ಹೇಳಿ, ಇದು ವ್ಯಾಪಾರದ ಮಾತೋ?

ಹುಲಿಗೆಪ್ಪ


ಸಾಂಗ್ಲಿ
೮ ಸೆಪ್ಟೆಂಬರ್ ೨೦೨೫

ಅಣ್ಣಾ ಅವರಿಗೆ,

ನಿಮ್ಮ ಉತ್ತರವಿಲ್ಲ. ಪರ್ಯೂಷಣದ ಹತ್ತು ದಿನ ಪೆನ್ನೂ ಮುಟ್ಟುವುದಿಲ್ಲ ಅಂತ ವೈನಿ ಹೇಳಿ ಕಳಿಸಿದರು. ನೀವು ಉಪವಾಸ ಇದ್ದಿರಿ, ನಾನು ಜಗಳದಲ್ಲಿದ್ದೆ.

ಗಣಪತಿ ಹೋದ ಮರುದಿನ ಕಾಂಚನಳನ್ನೂ ಅವಳ ಚಾದರವನ್ನೂ ಕರೆದುಕೊಂಡು ಹೋಗಿ ಶ್ರೇಯಸನ ಮೇಜಿನ ಮೇಲೆ ಹರವಿಸಿದೆ. ಅವನು ನೋಡಿದ. ಒಂದು ಚುಕ್ಕಿಯನ್ನು ಉಗುರಿನಿಂದ ಕೆರೆದು ನೋಡಿದ.

"ಕಾಕಾ, ಇದು ನಮ್ಮ ಧೂಳಿನ ಖರ್ಚು. ನಾವು ಕೊಡಬೇಕಾದ್ದು ಇಕಿ ಕೊಡಾಕತ್ತಾಳ. ಒಮ್ಮಿ ಒಗಿಯೋದು ಎರಡ ಸಲ, ಮೂರ ಸಲ ಒಗೀತಾಳ. ನಮ್ಮ ಲೆಕ್ಕದಾಗ ಅದು ಬರಂಗೇ ಇಲ್ಲ."

"ಇದು ನಿನಗ ಯಾರು ಹೇಳಿದ್ರು?"

"ಕಾಲೇಜಿನ್ಯಾಗ ಕಲಿಸಿದ್ರು. ಪರೀಕ್ಷಾದಾಗ ಬರದೇನಿ, ಛಲೋ ಮಾರ್ಕ್ಸೂ ಬಿದ್ದಾವ."

"ಬರದ್ಯಾ, ಮರ್ತ್ಯಾ."

ಅವನು ಮುಖ ಕೆಂಪಗೆ ಮಾಡಿಕೊಂಡ, ಆದರೆ ಸುಳ್ಳು ಹೇಳಲಿಲ್ಲ. "ಮರಾಠಿ ಪುಸ್ತಕದಾಗ ಗಿರಣಿ ಇತ್ತು, ನದಿ ಇತ್ತು. ನಮ್ಮ ಶೆಡ್ಡು ಇರಲಿಲ್ಲ" ಅಂದ. ನಿಮ್ಮ ಮೊಮ್ಮಗನನ್ನು ನಾನು ಎಷ್ಟೇ ಬೈದರೂ ಈ ಒಂದು ಗುಣ ನಿಮ್ಮದೇ. ಆದರೆ ಆರ್ಡರು ಮಾತ್ರ ಬಿಡಲು ಒಲ್ಲ. ಮಾತು ಕೊಟ್ಟಿದ್ದಾನೆ, ಮಾಲು ಹೋಗಬೇಕು. ಅದಕ್ಕೆ ಡ್ರಮ್ಮು ಇನ್ನೂ ಹೊತ್ತು ತಿರುಗಬೇಕು. ನಾನು ನಾಲ್ಕರ ಮೇಲೆ ನಿಲ್ಲುವುದಿಲ್ಲ ಅಂದೆ. ಅವನು ಬೇಡಗ ಅಂದ. ನಾನು ಕಾಂಚನ ಅಂದೆ. ಮೇಜು ಗುದ್ದಿದೆವು.

ಕಾಂಚನ ನಡುವೆ ಬಾಯಿ ಹಾಕಿದಳು. "ನಾ ಮುಂಜಾನೆ ಒಗೀತೇನಿ, ಮಧ್ಯಾಹ್ನದ ಮ್ಯಾಲ ಒಣ ಹಾಕ್ತೇನಿ. ಮುಂಜಾನೆ ಎಷ್ಟರ ಧೂಳ ಎಬ್ಬಸ್ರಿ, ನನಗೇನಿಲ್ಲ. ಒಂಬತ್ತರ ತನಕ ಯಾಕ ಬೀಗ ಹಾಕ್ಕೊಂಡ ಕುಂದರತೀರಿ?"

"ಅಣ್ಣಾ ಬಸದಿಯಿಂದ ಪೂಜಾ ಮುಗಿಸಿ ಬಂದು ಬೀಗ ತಗೀಬೇಕು," ಅಂದೆ.

"ಅವ್ರು ಆರಗದಾಗ ಅದಾರಲ್ಲ?"

ನಾನು ಶ್ರೇಯಸನ ಮುಖ ನೋಡಿದೆ. ಅವನು ನನ್ನ ಮುಖ ನೋಡಿದ. ನೀವು ಹೋದಾಗಿನಿಂದ ನಾವೆಲ್ಲ ದಿನಾ ಆರೂವರೆಗೆ ಎದ್ದು, ಮುಚ್ಚಿದ ಬಾಗಿಲ ಮುಂದೆ ಕೂತು ಬೀಡಿ ಸೇದಿ, ಇಲ್ಲದ ನಿಮ್ಮ ಪೂಜೆ ಮುಗಿಯಲಿ ಅಂತ ಕಾಯುತ್ತಿದ್ದೇವೆ. ಶ್ರೇಯಸನ ಜೇಬಿನಲ್ಲೇ ಬೀಗದ ಕೈ ಇದೆ. ಅವನೂ ಗಡಿಯಾರ ನೋಡುತ್ತ ಕೂರುತ್ತಾನೆ. ಕಾಂಚನ ಸೆರಗು ಬಾಯಿಗೆ ಹಿಡಿದು ನಕ್ಕಳು. ನಾವೂ ನಕ್ಕೆವು, ಏನು ಮಾಡುವುದು.

ಹೊತ್ತು ಮೂಡಿದ ಕೂಡಲೇ ಶುರು ಮಾಡಿದರೆ ಮೂರಕ್ಕೆ ಮುಗಿಸಬಹುದು. ತಗಡಿನ ಕೆಳಗೆ ಬೆಳಗಿನ ತಂಪಿನಲ್ಲಿ ಕೈ ಓಡುವ ಹಾಗೆ ಮಧ್ಯಾಹ್ನ ಓಡುವುದಿಲ್ಲ. ಶ್ರೇಯಸನ ಮಾಲೂ ಹೋಗುತ್ತದೆ, ಮೂರರಿಂದ ಕಾಂಚನಳಿಗೆ ಬಿಸಿಲೂ ಸಿಗುತ್ತದೆ. ಆದರೆ ಅವನು, "ಆಜೋಬಾನ ರೀತಿ ನಾ ಮುರಿಯಂಗಿಲ್ಲ. ಬರದು ಕೇಳ್ರಿ" ಅನ್ನುತ್ತಾನೆ. ನನಗೂ ಮನಸ್ಸು ಬರಲಿಲ್ಲ.

ದಸರೆ ಹತ್ತಿರ ಬಂತು. ಅವಳ ಕೆಲಸ ಉಳಿಯುವುದು ನಿಮ್ಮ ಒಂದು ಸಾಲಿನಲ್ಲಿ. ಬರೆಯಿರಿ.

ಹುಲಿಗೆಪ್ಪ


ಆರಗ
೧೪ ಸೆಪ್ಟೆಂಬರ್ ೨೦೨೫

ಹುಲಿಗೆಪ್ಪನಿಗೆ ಜಯ ಜಿನೇಂದ್ರ.

ಶೆಡ್ಡು ಕಟ್ಟಿದ ದಿನದಿಂದ ಅಭಿಷೇಕ ಮುಗಿಸಿ, ಹಣೆಗೆ ಗಂಧ ಇಟ್ಟುಕೊಂಡು ಬಂದು ನಾನೇ ಬೀಗ ತೆಗೆದಿದ್ದೇನೆ. ನಾನಿಲ್ಲದಾಗಲೂ ನೀವು ಅದೇ ಹೊತ್ತಿಗೆ ಕಾಯುತ್ತೀರಿ ಎಂದು ಓದಿ ಒಂದು ಗಳಿಗೆ ಹೆಮ್ಮೆಯಾಯಿತು. ಒಂದೇ ಗಳಿಗೆ.

ಕಾಂಚನ ಬಿಟ್ಟುಹೋದ ಚಾದರವನ್ನು ಮೊನ್ನೆ ಇಂದುಬಾಯಿ ಒಗೆದಳು. ಸೋಪು ಹಚ್ಚಿದಷ್ಟೂ ಕೆಂಪಾಯಿತು. ಹಿಂಡಿ ಮತ್ತೆ ಒಗೆದಳು, ಮತ್ತೆ ಒಗೆದಳು. ಕೊನೆಗೆ ತನ್ನ ಕೈ ನೋಡಿಕೊಂಡು, "ಇದನ್ನ ಆ ಹುಡುಗಿ ದಿನಾ ಮಾಡ್ತಾಳೇನ್ರಿ?" ಎಂದಳು. ಅದು ವ್ಯಾಪಾರದ ಮಾತೋ ಮನೆಯ ಮಾತೋ ನನಗೆ ತಿಳಿಯಲಿಲ್ಲ. ಇರುವೆ ತುಳಿದೀತೆಂದು ನೆಲ ನೋಡಿ ನಡೆಯುವವನು ನಾನು. ತಲೆಯ ಮೇಲೆ ಹಾರಿ ಹೋದದ್ದನ್ನು ನೋಡಲಿಲ್ಲ.

ಬೆಳಿಗ್ಗೆ ಬೀಗ ತೆಗೆಯಿರಿ. ಆದರೆ ಸೂರ್ಯ ಪೂರ್ತಿ ಕಂಡ ಮೇಲೆ. ದೀಪದ ಬೆಳಕಿನಲ್ಲಿ ಯಂತ್ರ ತಿರುಗಬಾರದು, ಹುಳಹುಪ್ಪಟೆ ಸಿಕ್ಕಿ ಸಾಯುತ್ತವೆ. ಬೀಗದ ಕೈ ಇನ್ನು ಹುಲಿಗೆಪ್ಪನ ಹತ್ತಿರ ಇರಲಿ ಎಂದು ಶ್ರೇಯಸನಿಗೆ ಬೇರೆ ಬರೆದಿದ್ದೇನೆ. ಧೂಳು ಹೋಗುವ ಸಂದಿಗೆ ಏನಾದರೂ ಮಾಡಲು ಅವನಿಗೆ ಹೇಳು.

ಇದು ದೀಪಾವಳಿಯ ತನಕ. ಆಮೇಲೆ ನಾನು ಬರುತ್ತೇನೆ.

ದಾದಾಸಾಹೇಬ


ಸಾಂಗ್ಲಿ
೬ ಅಕ್ಟೋಬರ್ ೨೦೨೫, ಸೋಮವಾರ

ಅಣ್ಣಾ ಅವರಿಗೆ,

ಗೆದ್ದೆವು. ಮೊದಲು ಅದನ್ನು ಬರೆದುಬಿಡುತ್ತೇನೆ, ಆಮೇಲೆ ಉಳಿದದ್ದು.

ಮೊದಲ ವಾರ ಜಗಳವೇ. ಗ್ಯಾಂಗಿನವರು ಆಕಳಿಸುತ್ತ ಬಂದು ನನ್ನನ್ನು ಶಪಿಸಿದರು. ಮನೆಯಲ್ಲಿ ಹೌಸಾಬಾಯಿ ಒಲೆಯ ಮುಂದಿನಿಂದ ಕೂಗಿದಳು: "ಅಕಿ ಚಾದರ ಉಳಸಾಕ ನಾ ನಸಿಕಿನ್ಯಾಗ ಎದ್ದು ರೊಟ್ಟಿ ಬಡೀಬೇಕೇನು? ನಿಮ್ಮ ಧೂಳು ಈಗ ನನ್ನ ನಿದ್ದಿ ಮ್ಯಾಲ ಬೀಳಾಕತ್ತೈತಿ!" ಅವಳ ಮಾತು ಖರೆ. ಈಗ ರಜೆಯ ದಿನ ಮಧ್ಯಾಹ್ನ ವಾರಕ್ಕಾಗುವಷ್ಟು ಕಟಕ ರೊಟ್ಟಿ ಮಾಡಿಡುತ್ತೇವೆ. ಬಡಿಯುವವಳು ಅವಳು, ಸುಡುವವನು ನಾನು. ನಾಲ್ಕು ರೊಟ್ಟಿ ಕರಕಾದರೆ ಇಡೀ ಓಣಿಗೆ ಕೇಳುವ ಹಾಗೆ ಬೈಯುತ್ತಾಳೆ. ಬೆಳಿಗ್ಗೆ ಅವಳು ಮಲಗಿರುವಾಗಲೇ ಗಂಟು ಕಟ್ಟಿಕೊಂಡು ಹೊರಡುತ್ತೇನೆ. ಗ್ಯಾಂಗಿನವರೂ ಇದನ್ನೇ ಹಿಡಿದರು. ಆಮೇಲೆ ಯಾರೂ ಆಕಳಿಸಲಿಲ್ಲ.

ಗುರುಬಸಪ್ಪ ಒಪ್ಪಲಿಲ್ಲ. ಮೂರರ ಮೇಲೆ ಸುಮ್ಮನೆ ಕೂರುವ ಜಾತಿಯಲ್ಲ ಅವನು. "ನಿನಗ ದುಡಿಯೂದೈತಿ ಅಂದ್ರ ದುಡಿ, ಡ್ರಮ್ಮು ಮುಟ್ಟಬ್ಯಾಡ" ಅಂದೆ. ಈಗ ಬಾಡಿಗೆ ಟೆಂಪೋ ಹಿಡಿದು ಕಾಂಚನಳ ಗಂಟುಗಳನ್ನು ಮಿರಜಕ್ಕೆ ಒಯ್ದು ಬಿಡುತ್ತಾನೆ. ಅವಳೂ ಕೂಲಿ ಕೊಡುತ್ತಾಳೆ. ನಾನು ಘಾಟಿನ ಮೇಲೆ ಕೂತಾಗ ಹಾರ್ನು ಬಾರಿಸಿ ಹೋಗುತ್ತಾನೆ, ಬೇಕಂತಲೇ.

ಶ್ರೇಯಸ ಡ್ರಮ್ಮಿನ ಸುತ್ತ ದಪ್ಪ ಕಾಟನ್ನಿನ ಪರದೆ ಕಟ್ಟಿಸಿದ. ತಾನೇ ಏಣಿ ಹತ್ತಿ ಸಂದಿ ಮುಚ್ಚಿದ. ಇಳಿದಾಗ ಹುಬ್ಬಿನ ತನಕ ಹಳದಿ. ಮದುವೆಗೆ ಅರಿಶಿನ ಹಚ್ಚಿದ ಹಾಗೆ ಕಾಣುತ್ತಿದ್ದ. ಹೆಂಗಸರು ಹಾಡು ಹೇಳಿದರು. ಅವನ ಮಾಲು ದಸರೆಗಿಂತ ಮುಂಚೆಯೇ ಹೋಯಿತು. ಬೇಡಗದ ಮಾತು ಈಗ ಎತ್ತುವುದಿಲ್ಲ.

ದಸರೆಯ ಮುನ್ನಾದಿನ ಕಾಂಚನಳ ಪರೀಕ್ಷೆ. ನಾನೂ ಟೆಂಪೋ ಹತ್ತಿದೆ. ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಕನ್ನಡಕದ ಒಬ್ಬಳು ಹೆಣ್ಣುಮಗಳು ಇದ್ದಾಳೆ. ಒಂದೊಂದೇ ಚಾದರ ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದಳು. ನಾನು ಹತ್ತಿರ ಹೋದೆ. ಕಾಂಚನ ನನ್ನ ರಟ್ಟೆ ಹಿಡಿದು ಎಳೆದಳು. "ಕಾಕಾ, ಕೈ ಹಿಂದ ಕಟ್ಕೊರಿ! ಆ ಹಳದಿ ಬೆರಳು ತಾಗಿತಂದ್ರ ನಾ ಸತ್ತೆ." ಮುಕಾದಮನಾದವನು ಸಾಲೆಯಲ್ಲಿ ಶಿಕ್ಷೆ ಕೊಟ್ಟ ಹಾಗೆ ಕೈ ಹಿಂದೆ ಕಟ್ಟಿ ಗೋಡೆಗೆ ನಿಂತೆ. ಆ ಹೆಣ್ಣುಮಗಳು ಕೊನೆಯ ಚಾದರವನ್ನು ಎರಡು ಸಲ ತಿರುಗಿಸಿ ನೋಡಿದಳು. ಮಡಿಚಿದಳು. ಮರಾಠಿಯಲ್ಲಿ ಮೆಲ್ಲಗೆ ಏನೋ ಅಂದಳು, ಗೋಡೆಯ ತನಕ ಕೇಳಲಿಲ್ಲ. ಕಾಂಚನ ಒಮ್ಮೆಲೇ ನೆಲಕ್ಕೆ ಕೂತುಬಿಟ್ಟಳು. ನಾನು ಗಾಬರಿಯಾಗಿ, "ಏನಂದ್ಲು? ತಗದ್ಲೇನು?" ಅಂದೆ.

"ಮ್ಯಾಲಿನ ಮಜಲಿನ ಚಾದರಾನೂ ಒಯ್ಯಿ ಅಂದ್ಲು ಕಾಕಾ!"

ಅಣ್ಣಾ, ನಾನು ಕೂಗಿದ ಕೂಗಿಗೆ ಹೊರಗಿನಿಂದ ಕಾವಲುಗಾರ ಓಡಿ ಬಂದ. ಆಸ್ಪತ್ರೆಯಲ್ಲಿ ಕೂಗಬಾರದಂತೆ. ಕೂಗಬಾರದಿದ್ದರೆ ಇಂಥ ಮಾತು ಯಾಕೆ ಹೇಳಬೇಕು? ವಾಪಸು ಬರುವಾಗ ಟೆಂಪೋದಲ್ಲಿ ಭಡಂಗ ಚುರುಮುರಿ ತಿನ್ನುತ್ತ, ಗುರುಬಸಪ್ಪ ಹಾರ್ನು ಬಾರಿಸುತ್ತ, ಕಾಂಚನ ಖಾಲಿ ಗಂಟಿನ ಬಟ್ಟೆಯನ್ನು ನಿಶಾನಿಯ ಹಾಗೆ ಬೀಸುತ್ತ ಸಾಂಗ್ಲಿ ತಲುಪಿದೆವು. ಖಂಡೇನವಮಿ, ಯಂತ್ರಕ್ಕೆಲ್ಲ ರಜೆ. ಮಿಕ್ಕ ಚಾದರಗಳನ್ನು ಅವಳು ನಮ್ಮ ಶೆಡ್ಡಿನ ಅಂಗಳದಲ್ಲೇ ಹರವಿದ್ದಳು. ಪೂಜೆ ಮಾಡಿದ ಡ್ರಮ್ಮುಗಳ ಎದುರಿಗೆ ಅಷ್ಟಗಲ ಬಿಳುಪು. ಹೌಸಾಬಾಯಿ ಸೊಂಟದ ಮೇಲೆ ಕೈಯಿಟ್ಟು ನಿಂತು, "ಇಷ್ಟು ಛಲೋ ಕಾಣತಾವೇನು?" ಅಂದಳು. ನಾನು ಅಲ್ಲಿಯೂ ಕೈ ಹಿಂದೆ ಕಟ್ಟಿಕೊಂಡೇ ನೋಡಿದೆ.

ಈಗ ಕೆಲಸದ ಮಾತು. ದೀಪಾವಳಿಯ ತನಕ ಅಂತ ಬರೆದಿದ್ದೀರಿ. ನಿಮ್ಮ ನೇಮ ಮುಗಿಯುತ್ತದೆ, ನೀವು ಬರುತ್ತೀರಿ. ಬನ್ನಿ, ಗಾದಿ ನಿಮ್ಮದೇ. ಆದರೆ ಮತ್ತೆ ಒಂಬತ್ತಕ್ಕೆ ಬೀಗ ತೆಗೆಯುತ್ತೀರೋ, ಬೆಳಗಿನ ಬಾಗಿಲು ನಮಗೆ ಬಿಟ್ಟು ನೀವು ಪೂಜೆ ಮುಗಿಸಿ ನಿಧಾನವಾಗಿ ಬರುತ್ತೀರೋ? ಒಂಬತ್ತು ಅಂದರೆ ಡ್ರಮ್ಮು ಮತ್ತೆ ಸಂಜೆಯ ತನಕ ಗುಡುಗುತ್ತದೆ, ಮೇಲಿನ ಮಹಡಿಯ ಕೆಲಸ ಒಪ್ಪಿಕೊಂಡರೆ ಕಾಂಚನ ಸಿಕ್ಕಿಬೀಳುತ್ತಾಳೆ. ಅದಕ್ಕೇ ಇನ್ನೂ ಹೂಂ ಅಂದಿಲ್ಲ, ನಿಮ್ಮ ಮಾತಿಗೆ ಕಾಯುತ್ತಿದ್ದಾಳೆ. ನೇಮ ಮುಗಿದ ಮೇಲೆ ನೀವು ಬಾಯಿ ಬಿಡುತ್ತೀರಿ, ಬಾಯಲ್ಲಿ ನಿಮ್ಮನ್ನು ಗೆದ್ದವರು ಈ ಪೇಟೆಯಲ್ಲಿ ಯಾರೂ ಇಲ್ಲ. ನನಗೆ ಬರೆದದ್ದು ಬೇಕು. ಹೌದು ಅಥವಾ ಇಲ್ಲ, ಅಷ್ಟೇ ಸಾಕು, ಉಪದೇಶ ಬೇಡ. ದೀಪಾವಳಿಗೆ ನಿಮ್ಮ ನೇಮ ಮುಗಿಯುವ ಮುಂಚೆ, ಅಕ್ಟೋಬರ್ ಹದಿನೆಂಟು, ಶನಿವಾರದೊಳಗೆ ಉತ್ತರ ನನ್ನ ಕೈಯಲ್ಲಿರಬೇಕು.

ಹುಲಿಗೆಪ್ಪ, ಮುಕಾದಮ